ಸಂಧಿಯ ಪುಸ್ತಕ, ತವರಿನ ವಾಟ್ನಿ

ನಮ್ಮ ಮನೆಯಲ್ಲಿ ಒಬ್ಬ ಫ್ರೆಂಚ್ ಇತಿಹಾಸಕಾರ ಇದ್ದಾನೆ. ಕಳೆದ ಶತಮಾನದ ಮೊದಲ ಭಾಗದಲ್ಲಿ ಬರೆದವನು, ಸತ್ತು ಎಷ್ಟೋ ಕಾಲವಾದವನು. ನನ್ನ ಗಂಡ ಅವನ ಪುಸ್ತಕಗಳನ್ನು ಕನ್ನಡಕ್ಕೆ ತರಲು ಹಿಡಿದು ಇಪ್ಪತ್ತು ವರ್ಷದ ಮೇಲಾಗಿರಬೇಕು. ಬೀಗರು ಬಂದರೆ ಎರಡು ದಿನ ಇದ್ದು ಹೋಗುತ್ತಾರೆ; ಇವನು ಬಂದವನು ಹೋಗಲೇ ಇಲ್ಲ. ಊಟಕ್ಕೆ ಕೂತಾಗ ಅವನ ಮಾತು, ಚಾ ಕುಡಿಯುವಾಗ ಅವನ ಮಾತು, ಕರೆಂಟು ಹೋಗಿ ಬೀಸಣಿಕೆ ಹಿಡಿದು ಕೂತಾಗಲೂ ಅವನದೇ ಮಾತು.

ಗಂಡ ಟಿಕೋಟಾದಲ್ಲಿ ಇತಿಹಾಸ ಕಲಿಸುತ್ತಿದ್ದರು. ವಿಜಯಪುರದ ಮನೆಯಿಂದ ದಿನಾ ಬಸ್ಸಿಗೆ ಹೋಗಿ ಬರುವುದು. ಊರಲ್ಲಿ ಯಾವುದೋ ಹಳೆಯ ಬಂಗಲೆ ಕೆಡವಿದಾಗ ಅದರೊಳಗಿನ ಪುಸ್ತಕಗಳು ರದ್ದಿ ಅಂಗಡಿಗೆ ಬಂದವು, ಅದರಲ್ಲಿ ಈ ಫ್ರೆಂಚಿನವನ ಇಂಗ್ಲಿಷ್ ಅನುವಾದಗಳು ಇವರ ಕಣ್ಣಿಗೆ ಬಿದ್ದವು. ಜ್ವಾಳದ ಚೀಲ ಹೊತ್ತಂತೆ ಹೆಗಲ ಮೇಲೆ ಹೊತ್ತು ತಂದರು. ಇಂಗ್ಲಿಷಿನಲ್ಲಿ ಸಿಗದವುಗಳನ್ನು ಆಮೇಲೆ ಮೂಲದಲ್ಲೇ ತರಿಸಿ, ನಿಘಂಟು ಇಟ್ಟುಕೊಂಡು, ಕಲ್ಲು ಆರಿಸಿದಂತೆ ಒಂದೊಂದೇ ಶಬ್ದ ಆರಿಸುತ್ತ ಓದಿದರು. ನಿವೃತ್ತಿಯಾದ ಮೇಲಂತೂ ಅದೇ ನೌಕರಿ.

ಅವರ ಅಕ್ಷರ ಅವರಿಗೇ ಓದಲು ಬರುವುದಿಲ್ಲ. ಹಳೆಯ ಪರೀಕ್ಷೆಯ ಹಾಳೆಗಳ ಹಿಂಬದಿಗೆ ಪೆನ್ಸಿಲಿನಲ್ಲಿ ಗೀಚುತ್ತಾರೆ. ಅದನ್ನು ಶಾಯಿಯಲ್ಲಿ ಚೊಕ್ಕ ಪ್ರತಿ ಮಾಡುವವಳು ನಾನು. ಬೆಳಗಿನ ರೊಟ್ಟಿ ಬಡಿದು, ಭಾಂಡೆ ತೊಳೆದು, ಅಡಿಗೆಕಟ್ಟೆ ಒರೆಸಿ, ಒಣಗಿದ ಮೇಲೆ ಅಲ್ಲೇ ನಿಂತು ಬರೆಯುತ್ತೇನೆ. ಕೂತು ಬರೆದರೆ ಸೊಂಟ ಹಿಡಿಯುತ್ತದೆ. ನಿಂತರೆ ಮೊಣಕಾಲು. ದಿನ ಬಿಟ್ಟು ದಿನ ಒಂದಕ್ಕೆ ರಜಾ ಕೊಡುತ್ತೇನೆ.

ಹೀಗೆ ಬರೆದು ಬರೆದು ಆ ಮನುಷ್ಯನ ಪರಿಚಯ ನನಗೂ ಆಗಿದೆ. ತನ್ನ ದೇಶದ ಚರಿತ್ರೆ ಬರೆದದ್ದು ನನಗೆ ಮೆಚ್ಚು. ಒಂದು ಊರಿನ ಸುತ್ತ ಸ್ವಲ್ಪ ನೆಲ ಇದ್ದ ರಾಜರು ತಲೆತಲಾಂತರ ಕಾದು, ಹೆಣ್ಣು ತಂದು, ಹೆಣ್ಣು ಕೊಟ್ಟು, ಕೊಂಡು, ಜಗಳಾಡಿ, ಹೊಲಕ್ಕೆ ಹೊಲ ಕೂಡಿಸಿದ ಹಾಗೆ ದೇಶ ಕೂಡಿಸಿದ್ದನ್ನು ಹೇಳುತ್ತಾನೆ. ಒಕ್ಕಲುತನದ ಮನೆಯಲ್ಲಿ ಹುಟ್ಟಿದವಳಿಗೆ ಅದು ತಿಳಿಯದೇ ಇರುತ್ತದೆಯೇ? ಸಿಪಾಯಿಯಿಂದ ಚಕ್ರವರ್ತಿಯಾದವನ ಜೀವನ ಬರೆದಿದ್ದಾನೆ: ಗೆದ್ದವನಿಗೆ ಗೆದ್ದದ್ದನ್ನು ಉಳಿಸಿಕೊಳ್ಳಲು ಮತ್ತೊಂದು ಗೆಲ್ಲಬೇಕು, ಅದನ್ನು ಉಳಿಸಲು ಇನ್ನೊಂದು, ನಿಲ್ಲುವ ಜಾಗವೇ ಇಲ್ಲ. ಒಲೆಯ ಮೇಲೆ ಹಾಲು ಉಕ್ಕಿದ್ದು ಆ ಪುಸ್ತಕದ ಕಾಲಕ್ಕೇ ಹೆಚ್ಚು. ಇವು ಸಾಲದ್ದಕ್ಕೆ ದಿನಪತ್ರಿಕೆಗಳಿಗೂ ಬಿಡದೆ ಬರೆಯುತ್ತಿದ್ದನಂತೆ. ಅವನ ಹೆಂಡತಿಯ ಕೈಬರಹ ಹೇಗಿತ್ತೋ ಎಂದು ಎಷ್ಟೋ ಸಲ ಅನಿಸಿದೆ.

ಎಲ್ಲವೂ ಮೆಚ್ಚಿಗೆಯಾದದ್ದಲ್ಲ. ಅವನು ರಾಜರ ಪಕ್ಷದವನು. ಮತ ಹಾಕಿ ನಡೆಸುವ ರಾಜ್ಯಭಾರ ಅವನಿಗೆ ಸೇರದು. ನೆರೆಯ ದೇಶದವರನ್ನೆಲ್ಲ ಒಂದೇ ಪಡಿಯಲ್ಲಿ ಅಳೆದುಬಿಡುತ್ತಾನೆ. ಅಂಥ ಪುಟ ಬಂದಾಗ ನಾನು ಪೆನ್ನು ಇಟ್ಟು, "ಇದನ್ನೂ ಬರೀಬೇಕೇನ್ರಿ?" ಎಂದು ಕೇಳುತ್ತೇನೆ. "ಬರಿ. ಅವ ಹಂಗ ಅಂದಾನ. ನಾವು ತಿದ್ದಿದ್ರ ಅದು ನಮ್ಮ ಪುಸ್ತಕ ಆಗತೈತಿ," ಎನ್ನುತ್ತಾರೆ. ಬರೆಯುತ್ತೇನೆ.

ನಾನು ಹೇಳಬೇಕೆಂದಿರುವುದು ಅವನ ಸಂಧಿಯ ಪುಸ್ತಕದ ವಿಷಯ. ಮೊದಲ ಮಹಾಯುದ್ಧ ಮುಗಿದಾಗ ಗೆದ್ದವರು ಮಾಡಿಕೊಂಡ ಸಂಧಿ ಕೆಟ್ಟದ್ದು, ಇದರಿಂದ ಇನ್ನೊಂದು ಯುದ್ಧ ಹುಟ್ಟುತ್ತದೆ ಎಂದು ಆಗಲೇ ವಾದ ಮಾಡಿದವನು. ಸೋತ ನೆರೆಯವನಿಗೆ ಚುಚ್ಚಿದರು, ಹಣ ಕೊಡು ಎಂದರು, ಆದರೆ ಅವನ ಬಲ ಮುರಿಯದೆ ಒಟ್ಟಾಗಿಯೇ ಬಿಟ್ಟರು. ಸುತ್ತ ಸಣ್ಣ ಸಣ್ಣ ಹೊಸ ರಾಜ್ಯ ಇಟ್ಟರು. ಸಿಟ್ಟೂ ಉಳಿಯಿತು, ಬಲವೂ ಉಳಿಯಿತು ಎನ್ನುವುದು ಅವನ ಲೆಕ್ಕ. ಯುದ್ಧ ಬರುವ ಮೊದಲೇ ತೀರಿಕೊಂಡ. ಯುದ್ಧ ಬಂತು. ನನ್ನ ಗಂಡನಿಗೆ ಈ ಪುಸ್ತಕದ ಮೇಲೆ ಎಲ್ಲಿಲ್ಲದ ಅಭಿಮಾನ. ಅದನ್ನು ತಿದ್ದಿದಷ್ಟು ಇನ್ನಾವುದನ್ನೂ ತಿದ್ದಿಲ್ಲ, ನಾನು ಪ್ರತಿ ಮಾಡಿದಷ್ಟು ಇನ್ನಾವುದನ್ನೂ ಪ್ರತಿ ಮಾಡಿಲ್ಲ.

ಇನ್ನು ನನ್ನ ತವರಿನ ಮಾತು. ಬಬಲೇಶ್ವರದಲ್ಲಿ ಬಸ್ಸಿಳಿದು ಒಳಗೆ ಹೋಗಬೇಕಾದ ಊರು. ಅಪ್ಪ ಅವ್ವ ತೀರಿಕೊಂಡಿದ್ದಾರೆ. ಇಬ್ಬರು ತಮ್ಮಂದಿರು. ದೊಡ್ಡವನು ಊರು ಬಿಟ್ಟವನಲ್ಲ. ಸಣ್ಣವನು ವಿಜಯಪುರದಲ್ಲಿ ಟೆಂಪೋ ಓಡಿಸುತ್ತಿದ್ದು, ಕಾಲುವೆಗೆ ನೀರು ಬಂದ ಮೇಲೆ ಹೆಂಡತಿ ಮಕ್ಕಳೊಂದಿಗೆ ಊರಿಗೆ ಮರಳಿದ. ನೀರಿಲ್ಲದ ದಿನಗಳಲ್ಲಿ ಆ ಹೊಲಕ್ಕಾಗಿ ಯಾರೂ ಜಗಳಾಡಿದವರಲ್ಲ. ನೀರು ಬಂತು, ದ್ರಾಕ್ಷಿ ಬಂತು, ಲಿಂಬಿ ಗಿಡ ಹಬ್ಬಿದವು, ಮಾತು ಕಡಿಮೆಯಾದವು.

ಹೊಲ ರಸ್ತೆಯಿಂದ ಹಿಂದಕ್ಕೆ ಉದ್ದಕ್ಕೆ ಹೋಗಿದೆ. ರಸ್ತೆಯ ಕಡೆ ಕೆಳಗಿನ ಹೊಲ: ಲಿಂಬಿ, ಬಾವಿ, ಕರಿ ಮಣ್ಣು. ಹಿಂದಿನದು ಮೇಲಿನ ಹೊಲ: ದೊಡ್ಡವನು ಬೆಳೆಸಿದ ದ್ರಾಕ್ಷಿ ತೋಟ, ನಮ್ಮ ಕಡೆ ಪಡ ಎನ್ನುತ್ತಾರೆ, ಅದರ ಅಂಚಿಗೆ ಹಣ್ಣು ಒಣಹಾಕುವ ಶೆಡ್ಡು. "ಬೆವರು ನಂದು" ಎಂದು ಅವನು. "ಭೂಮಿ ಇಬ್ಬರದು, ಅದರ ಮ್ಯಾಲಿನ ಬಳ್ಳಿ ಒಬ್ಬಂದು ಹ್ಯಾಂಗ ಆದೀತು" ಎಂದು ಇವನು. ಕಾಯ್ದೆ ಪ್ರಕಾರ ನನಗೂ ಪಾಲಿತ್ತು. ಬೇಡ ಎಂದು ಸಹಿ ಮಾಡಿಕೊಟ್ಟಿದ್ದೆ. ನನಗೆ ಬೇಕಾದದ್ದು ಒಂದೇ: ಪಂಚಮಿಗೆ ಕರೆಯಲು ಬರುವ ಒಂದು ಮನೆ. ಭೂಮಿ ಬಿಟ್ಟರೆ ಅದು ಉಳಿಯುತ್ತದೆ ಎಂದುಕೊಂಡಿದ್ದೆ.

ಕಡೆಗೆ ವಾಟ್ನಿ ಮಾಡಿಬಿಡೋಣ, ಪಾಲು ಬೇರೆಯಾದರೆ ಪ್ರೀತಿಯಾದರೂ ಉಳಿದೀತು ಎಂದು ಇಬ್ಬರೂ ಒಪ್ಪಿದರು. ಮಾಡುವವರು ಯಾರು? "ಮಾಮಾ ಅದಾರಲ್ಲ. ಅವರು ಹೇಳಿದ್ದಕ್ಕ ನಾವು ಇಲ್ಲ ಅನ್ನೂದಿಲ್ಲ," ಎಂದ ದೊಡ್ಡವನು. ಮಾಮಾ ಎಂದರೆ ನನ್ನ ಗಂಡ. ಸಣ್ಣವನೂ ಗೋಣು ಹಾಕಿದ.

ನನ್ನ ಗಂಡನ ಉತ್ಸಾಹ ನೋಡಬೇಕಿತ್ತು. ಹೊಲದ ನಕ್ಷೆ ಮೇಜಿನ ಮೇಲೆ ಹರಡಿದರು. ಅದರ ಬದಿಗೆ ಸಂಧಿಯ ಪುಸ್ತಕ. ಹಲವು ದಿನ ಊಟದ ತಾಟು ನಕ್ಷೆಯ ಮೇಲೆಯೇ ಇಡಬೇಕಾಯಿತು.

"ನೋಡಿಲ್ಲಿ," ಎನ್ನುವರು, "ಒಬ್ಬನಿಗೆ ಬಲ ಬಿಟ್ಟು ಸಿಟ್ಟೂ ಬಿಡಬಾರದು. ದೊಡ್ಡವನಿಗೆ ಅವನ ದ್ರಾಕ್ಷಿ, ಶೆಡ್ಡು. ಅದನ್ನ ಮುಟ್ಟಿದ್ರ ಅವಂಗ ಸಿಟ್ಟು. ಸಣ್ಣವಗ ಕೆಳಗಿನ ಹೊಲ, ಲಿಂಬಿ, ಬಾವಿ, ಒಂದೀಟು ಜಾಸ್ತಿ ನೆಲ. ಬಾವಿ, ದಾರಿ ಇವನ ಹೊಲದಾಗ; ಮೋಟರಿನ ಕರೆಂಟು ಅವನ ಹೆಸರಿನ್ಯಾಗ. ಒಬ್ಬರಿಗೊಬ್ಬರು ಬೇಕಾಗತಾರ. ಹಂಗಾದ್ರ ಜಗಳ ಇಲ್ಲ."

"ಬೇಕಾದವರ ಸಂಗಾಟನ ಜಗಳ ಆಗೂದ್ರಿ," ಎಂದೆ.

"ಅದಕ್ಕ ಷರತ್ತು ಬರೀತೀನಿ."

ಬರೆದರು. ನೀರಿನ ಪಾಳಿ, ಮೋಟರಿನ ಕರೆಂಟು, ಬದುವಿನ ಗಿಡದ ಕಾಯಿ, ಮೇಲಿನ ಹೊಲಕ್ಕೆ ಹೋಗಲು ಕೆಳಗಿನ ಹೊಲದ ಅಂಚಿಗೆ ಹಿಂದಿನಂತೆ ಒಂದು ಚಕ್ಕಡಿ ಹೋಗುವಷ್ಟು ದಾರಿ, ಎಲ್ಲವೂ. ಚೊಕ್ಕ ಪ್ರತಿ ಮಾಡಿದವಳು ನಾನೇ. ಫ್ರೆಂಚಿನವನ ಹಾಳೆಯ ಮೇಲೆ ಈ ಹಾಳೆ, ಅದೇ ಪೆನ್ನು, ಅದೇ ಕಟ್ಟೆ.

ಆ ದಿನ ತವರಿನ ಪಡಸಾಲೆಯಲ್ಲಿ ಎಲ್ಲರೂ ಕೂತರು. ಸಾಕ್ಷಿಗೆಂದು ಟಿಕೋಟಾದ ಚಾಚಾನನ್ನು ಕರೆಸಿದ್ದೆವು. ಒಣದ್ರಾಕ್ಷಿಯ ವ್ಯಾಪಾರಿ, ನನ್ನ ಗಂಡನೊಂದಿಗೆ ಅದೇ ಬಸ್ಸಿನಲ್ಲಿ ಅದೆಷ್ಟೋ ವರ್ಷ ಓಡಾಡಿ ಗೆಳೆಯನಾದವನು, ನನ್ನ ತಮ್ಮನ ಮಾಲನ್ನೂ ಅವನೇ ಕೊಳ್ಳುವುದು. ಚಾ ಬಂತು. ನನ್ನ ಗಂಡ ಕನ್ನಡಕ ಏರಿಸಿ ಷರತ್ತುಗಳನ್ನು ಒಂದೊಂದಾಗಿ ಓದಿದರು. ಮಧ್ಯೆ ಮಧ್ಯೆ ಯೂರೋಪಿನ ದೃಷ್ಟಾಂತ.

ಚಾಚಾ ಬಸಿಯಲ್ಲಿನ ಚಾ ಸುರ್ರೆಂದು ಹೀರಿ, "ಸರ, ನಿಮ್ಮ ಫ್ರಾನ್ಸ್ ಮಂದೀನೂ ಬದುವಿಗೇ ಬಡದಾಡ್ಯಾರೇನ್ರಿ?" ಎಂದ.

"ಬದುವಿಗೇ, ಚಾಚಾ. ನಮ್ಮ ಬದು ಸಣ್ಣದು, ಅವರದು ದೊಡ್ಡದು."

"ಹಂಗಾರ ಅಲ್ಲೂ ವಕೀಲರ ಬಾಳೇವು ಚಲೋ ಐತಿ ಅನ್ರಿ."

ನಾವು ನಕ್ಕೆವು. ತಮ್ಮಂದಿರು ನಗಲಿಲ್ಲ. ದೊಡ್ಡವನು ಗೋಡೆ ನೋಡುತ್ತಿದ್ದ, ಸಣ್ಣವನು ತನ್ನ ಕೈಯ ಉಗುರು. ಓದಿ ಮುಗಿದ ಮೇಲೆ ಗಂಡ ಕೇಳಿದರು, "ಏನಾರ ಹೇಳೂದೈತೇನಪಾ?"

"ನೀವು ಹೇಳಿದ ಮ್ಯಾಲ ಮುಗೀತ್ರಿ ಮಾಮಾ," ಎಂದ ದೊಡ್ಡವನು.

"ಮುಗೀತ್ರಿ," ಎಂದ ಸಣ್ಣವನು.

ಸಹಿಯಾಯಿತು. ಹೋಳಿಗೆ ಊಟವಾಯಿತು. ಮರಳುವಾಗ ಬಸ್ಸಿನಲ್ಲಿ ನನ್ನ ಗಂಡ ಸಾರವಾಡ ದಾಟುವವರೆಗೂ ಮಾತಾಡುತ್ತಲೇ ಇದ್ದರು. ಆಮೇಲೆ ನಿದ್ದೆ ಹೋದರು. ಅಷ್ಟು ಸಮಾಧಾನದ ನಿದ್ದೆ ಅವರ ಮುಖದ ಮೇಲೆ ಬಹಳ ದಿನ ಕಂಡಿರಲಿಲ್ಲ.

ಮಳೆ ಶುರುವಾದ ಮೇಲೆ ಸಣ್ಣವನು ತನ್ನ ಹೊಲಕ್ಕೆ ನೇಗಿಲು ಹೊಡೆದ. ಹೊಡೆಯುವಾಗ ದಾರಿಯನ್ನು ಚಕ್ಕಡಿಯ ಅಗಲಕ್ಕೆ ಸರಿಯಾಗಿ ಬಿಟ್ಟು ಉಳಿದದ್ದನ್ನು ಒಳಗೆ ಹಾಕಿಕೊಂಡು, ಅಂಚಿಗೆ ಜಾಲಿ ಮುಳ್ಳು ಬಡಿದ. ಆ ಮನೆಯಲ್ಲಿ ಚಕ್ಕಡಿ ಎಂಬುದು ಹೋಗಿ ಯಾವ ಕಾಲವಾಯಿತೋ. ದೊಡ್ಡವನದು ಟ್ರ್ಯಾಕ್ಟರು, ಅದರ ಹಿಂದೆ ಔಷಧ ಹೊಡೆಯುವ ಯಂತ್ರ. ದೊಡ್ಡವನು ಫೋನು ಹಚ್ಚಿದ.

"ಅಕ್ಕಾ, ಮಾಮಾಗ ಕೇಳು, ನಾ ಏನು ಎತ್ತ ಹೂಡಿಕೊಂಡು ಔಷಧ ಹೊಡಿಯಾಕ ಹೋಗಬೇಕೇನ?"

ಸಣ್ಣವನಿಗೆ ಹಚ್ಚಿದೆ.

"ಕಾಗದದಾಗ ಏನ ಬರದಾರೋ ಅಷ್ಟ ಬಿಟ್ಟೇನಿ ಅಕ್ಕಾ. ಅಕ್ಷರ ನಿಂದ ಐತಿ, ತಗದು ನೋಡು."

ಅಕ್ಷರ ನನ್ನದೇ ಇತ್ತು. ಅಲ್ಲಿಂದ ಮುಂದೆ ಷರತ್ತು ಷರತ್ತಿಗೂ ಜಗಳ. ದೊಡ್ಡವನು ನೀರಿನ ಪಾಳಿ ಹಿಡಿದು ಗಡಿಯಾರ ನೋಡತೊಡಗಿದ. ಸಣ್ಣವನು ಬದುವಿನ ಗಿಡದ ಕಾಯಿ ಎಣಿಸತೊಡಗಿದ. ಇಬ್ಬರ ಬಾಯಲ್ಲೂ ಒಂದೇ ಮಾತು: ಮಾಮಾ ಅವನ ಕಡೆ ಬರೆದಾರ. ದೊಡ್ಡವನಿಗೆ ತಾನು ಕಳೆದುಕೊಂಡ ಬಾವಿ ಮಾತ್ರ ಕಾಣುತ್ತಿತ್ತು, ಸಣ್ಣವನಿಗೆ ಆ ಶೆಡ್ಡು ಮಾತ್ರ. ಮನೆಯ ಅಂಗಳದಲ್ಲಿ ಗೋಡೆ ಎದ್ದಿತು.

ಪಂಚಮಿ ಬಂತು. ನಮ್ಮ ಕಡೆ ಎಷ್ಟು ವಯಸ್ಸಾದರೂ ಹೆಣ್ಣುಮಗಳು ಪಂಚಮಿಗೆ ತವರಿನ ದಾರಿ ಕಾಯುತ್ತಾಳೆ. ಅಣ್ಣ ತಮ್ಮಂದಿರು ಬಂದು ಕರೆಯಬೇಕು. ಕರೆಯದೆ ಹೋಗುವುದು ರೂಢಿಯಲ್ಲ. ಆ ವರ್ಷ ಇಬ್ಬರೂ ಬರಲಿಲ್ಲ. ಅಕ್ಕ ಅವನ ಮನೆಗೆ ಹೋಗುತ್ತಾಳೆ ಎಂದು ಇವನು, ಇವನ ಮನೆಗೆ ಎಂದು ಅವನು. ನಾನು ವಿಜಯಪುರದ ಅಡಿಗೆಮನೆಯಲ್ಲಿ ಶೇಂಗಾ ಹುರಿದು ಉಂಡಿ ಕಟ್ಟಿದೆ. ಓಣಿಯ ಹೆಂಗಸರೆಲ್ಲ ಊರಿಗೆ ಹೋಗಿದ್ದರು. ಉಂಡಿ ಬೀರಲೂ ಮನೆಗಳಿರಲಿಲ್ಲ. ಡಬ್ಬಿಯಲ್ಲಿ ಉಳಿದವು ಗಣಪತಿ ಹಬ್ಬದವರೆಗೂ ಬಂದವು. ನನ್ನ ಗಂಡ ದಿನಾ ಒಂದು ತಿಂದು, "ಚಲೋ ಆಗ್ಯಾವು" ಎನ್ನುವರು.

ದ್ರಾಕ್ಷಿ ಕೊಯ್ಲಿನ ಕಾಲಕ್ಕೆ ಪರಿಸ್ಥಿತಿ ಇನ್ನೂ ಕೆಟ್ಟಿತು. ಹಣ್ಣು ಅದ್ದುವ ಔಷಧದ ಡ್ರಮ್ಮು, ಒಣಹಾಕುವ ಬಲೆ, ಆಳುಗಳು, ಎಲ್ಲ ರಸ್ತೆಯಿಂದ ಶೆಡ್ಡಿಗೆ ಹೋಗಬೇಕು. ಮುಳ್ಳಿನ ನಡುವೆ ಟ್ರ್ಯಾಕ್ಟರು ಹೋಗದು. ತಲೆಯ ಮೇಲೆ ಹೊತ್ತರು. ಹೊತ್ತು ಮೀರಿ ಬಳ್ಳಿಯಲ್ಲೇ ಉಳಿದ ಹಣ್ಣು ಕೆಟ್ಟಿತು. ಚಾಚಾ ಮಾಲು ನೋಡಲು ಹೋದವನು ಮುಳ್ಳಿಗೆ ಪೈಜಾಮ ಹರಿದುಕೊಂಡು ನಮ್ಮ ಮನೆಗೆ ಬಂದ.

"ಸರ, ನಿಮ್ಮ ಫ್ರಾನ್ಸ್ ಒಳಗ ಇಂಥಾ ಮುಳ್ಳಿಗೆ ಏನಂತಾರ್ರಿ?"

ನಾನು ಸೂಜಿ ದಾರ ತಂದುಕೊಟ್ಟೆ.

ಆ ಬೇಸಿಗೆಯಲ್ಲಿ ಅವರು ಸಂಧಿಯ ಪುಸ್ತಕವನ್ನು ಮತ್ತೊಮ್ಮೆ ತಿದ್ದಿದರು. ಮತ್ತೊಮ್ಮೆ ನನ್ನ ಪಾಲಿಗೆ ಚೊಕ್ಕ ಪ್ರತಿ. ನಿಜ ಹೇಳಬೇಕೆಂದರೆ ಕೈ ಸೋತಿತ್ತು. ಯಾರೂ ಅಚ್ಚು ಹಾಕುತ್ತೇವೆ ಎಂದಿರಲಿಲ್ಲ. ಮಧ್ಯಾಹ್ನದ ಕಾವಿನಲ್ಲಿ ಬೆವರು ಹಾಳೆಗೆ ತಾಗದಂತೆ ಮೊಣಕೈ ಕೆಳಗೆ ಅರಿವೆ ಹಾಕಿಕೊಂಡು ಬರೆಯುತ್ತಿದ್ದೆ. ಆಗ ಹಿಂದೆ ಎಷ್ಟೋ ಸಲ ಬರೆದು ಬಿಟ್ಟಿದ್ದ ಒಂದು ಸಂಗತಿ ಬಂತು: ಸಂಧಿಯ ಮಾತುಕತೆಯಲ್ಲಿ ಸೋತವರನ್ನು ಕೂಡಿಸಿಕೊಳ್ಳಲೇ ಇಲ್ಲ. ಎಲ್ಲ ಬರೆದು ಮುಗಿದ ಮೇಲೆ ಕರೆದು ಕೈಗೆ ಕೊಟ್ಟರು, ಸಹಿ ಹಾಕಿಸಿದರು.

ಪೆನ್ನು ಇಟ್ಟೆ. ತಮ್ಮಂದಿರ ಮುಖಗಳು ಕಣ್ಣಮುಂದೆ ಬಂದವು. ಒಬ್ಬನು ಗೋಡೆ, ಒಬ್ಬನು ಉಗುರು.

"ಏನ್ರಿ, ಈಕಡೆ ಬರ್ರಿ."

ಬಂದರು. ಪುಟದ ಮೇಲೆ ಬೆರಳಿಟ್ಟು ತೋರಿಸಿದೆ.

"ನಾವೂ ಹಿಂಗ ಮಾಡೇವಲ್ರಿ. ನಕ್ಷೆ ನಮ್ಮ ಮನ್ಯಾಗ ಹಾಸಿತ್ತು. ಅವರು ಒಂದಿನ ಬಂದು ಅದರ ಮುಂದ ಕುಂತಿಲ್ಲ."

ಅವರು ಬಾಗಿ ಓದಿದರು. "ಅವ ಆ ಮಾತಿಗೆ ಅಷ್ಟು ತೂಕ ಕೊಟ್ಟಿಲ್ಲ. ಅವನ ವಾದ ಬ್ಯಾರೆ. ಬಲ ಎಲ್ಲಿ ಉಳೀತು ಅನ್ನೂದು ಅವನ ವಾದ."

"ಇರ್ಲಿ. ನಾ ಬರದು ಬರದು ನನಗ ತೂಕ ಇದಕ್ಕ ಅನಿಸ್ತು."

"ನಾ ಅವರನ್ನ ಕೇಳೇನಲ್ಲ, ಏನಾರ ಹೇಳೂದೈತೇನ ಅಂತ."

"ಎಲ್ಲಾ ಓದಿದ ಮ್ಯಾಲ ಕೇಳಿದ್ರಿ. ಹೋಳಿಗಿ ಆರಾಕತ್ತಿದ್ದು ಆಗ."

ಅವರು ಒಳಗೆ ಹೋಗಿ ಅಡ್ಡಾದರು. ಸಿಟ್ಟು ಎನ್ನಲಾರೆ, ಬಹಳ ದೂರ ನಡೆದು ಬಂದವರ ಹಾಗೆ ಕಂಡರು. ಸಂಜೆ ಚಾ ಕೊಡುವಾಗ ತಾವಾಗಿಯೇ ಅಂದರು, "ನಾ ಇನ್ನ ನಡುವ ಬರೂದಿಲ್ಲ. ನಿನ್ನ ತಮ್ಮಂದಿರು. ನೀ ಏನ ಮಾಡತಿ ಮಾಡು."

ನನಗೆ ಗೊತ್ತಿದ್ದದ್ದು ಬೆಲ್ಲದ ವಾಟ್ನಿ ಮಾತ್ರ. ನಾವು ಸಣ್ಣವರಿದ್ದಾಗ ಅವ್ವ ಬೆಲ್ಲದ ಒಂದು ಹೆಂಟೆ ಕೊಟ್ಟರೆ ದೊಡ್ಡ ತಮ್ಮ ಒಡೆಯಬೇಕು, ಸಣ್ಣ ತಮ್ಮ ಮೊದಲು ಆರಿಸಬೇಕು. ಒಡೆದವನು ಕಡೆಗೆ ತೆಗೆದುಕೊಳ್ಳಬೇಕು. ಹೊಲಕ್ಕೂ ಇದೇ ಪದ್ಧತಿ. ಅಪ್ಪ ಮತ್ತು ಕಾಕಾ ಹೀಗೆಯೇ ಬೇರೆಯಾದವರು: ಹಿರಿಯ ಪಾಲು ಹಾಕುವುದು, ಕಿರಿಯ ಎತ್ತಿಕೊಳ್ಳುವುದು. ಎಲ್ಲರಿಗೂ ಗೊತ್ತಿದ್ದದ್ದೇ. ಮಾಸ್ತರರು ಮನೆಯಲ್ಲಿದ್ದಾರೆ ಎಂದು ಅದನ್ನು ಬಿಟ್ಟಿದ್ದೆವು.

ಕರೆಯದೆ ತವರಿಗೆ ಹೋದೆ. ಪಂಚಮಿಯಲ್ಲವಲ್ಲ, ಕರೆಯುವವರನ್ನು ಕಾಯುವ ಅಗತ್ಯವಿರಲಿಲ್ಲ. ಅಂಗಳದ ಗೋಡೆಯ ಈಚೆ ಒಂದು ಮನೆ, ಆಚೆ ಒಂದು. ಎರಡರ ಒಳಗೂ ಹೋಗದೆ ಹೊರಗಿನ ಕಟ್ಟೆಯ ಮೇಲೆ ಕೂತೆ. ಇಬ್ಬರೂ ಹೊರಗೆ ಬರಲೇಬೇಕಾಯಿತು.

"ಒಳಗ ಬಾ ಅಕ್ಕಾ, ಮಂದಿ ನೋಡಾಕತ್ತಾರ," ಎಂದ ದೊಡ್ಡವನು.

"ನೋಡ್ಲಿ. ಯಾರ ಒಳಗ ಬರ್ಲಿ?"

ಕಾಗದ ಹರಿದು ಹಾಕಿ, ಹಳೆಯ ಪ್ರಕಾರ ಮಾಡಿರಿ ಎಂದೆ. ದೊಡ್ಡವ ಗೆರೆ ಹಾಕುವುದು, ಸಣ್ಣವ ಆರಿಸುವುದು.

"ನನ್ನ ದ್ರಾಕ್ಷಿ ಅವ ಎತ್ತಿಕೊಂಡ್ರ?" ದೊಡ್ಡವನ ದನಿ ಏರಿತು.

"ಅವ ಎತ್ತಿಕೊಂಡ್ರ ನಿನಗ ಯಾವುದು ಉಳದರೂ ನಡೀತೈತಿ ಅನ್ನೂವಂಗ ಗೆರಿ ಹಾಕು. ಬೆಲ್ಲ ಒಡೀವಾಗ ನಿನಗ ಎಷ್ಟು ಶಾಣ್ಯಾತನ ಇತ್ತು. ಈಗೇನಾತು?"

"ಅವಾಗ ಇವ ಕೈಯಾಗ ಎತ್ತಿ ಎತ್ತಿ ತೂಗಿ ನೋಡಾಂವ," ಎಂದ ದೊಡ್ಡವನು.

"ನೀ ನೆಕ್ಕಿ ಕೊಡಾಂವ. ಅದಕ್ಕ," ಎಂದ ಸಣ್ಣವನು.

ಒಂದು ವರ್ಷದ ಮೇಲೆ ಅವರು ಒಬ್ಬರಿಗೊಬ್ಬರು ಆಡಿದ ಮೊದಲ ಮಾತು ಅದೇ ಇರಬೇಕು. ನಗಲಿಲ್ಲ. ಆದರೆ ದೊಡ್ಡವನು ಹಾಕುತ್ತೇನೆ ಎಂದ. ಒಂದು ಸುಗ್ಗಿಯ ಮಾಲು ತಲೆಯ ಮೇಲೆ ಹೊತ್ತು ಅವನೂ ಸೋತಿದ್ದ.

ಆಮೇಲೆ ಅವನ ಹೆಂಡತಿ ಹೇಳಿದ್ದು: ಗಂಡ ದಿನಾ ಬೆಳಿಗ್ಗೆ ಹಗ್ಗ ಹಿಡಿದು ಹೊಲಕ್ಕೆ ಹೋಗುವುದು, ಕಲ್ಲು ನೆಡುವುದು, ಮರುದಿನ ಕೀಳುವುದು. ತಿನ್ನುವಾಗಲೂ ರೊಟ್ಟಿಯನ್ನು ಸರಿಯಾಗಿ ಎರಡು ಭಾಗ ಮಾಡಿ ನೋಡುತ್ತಿದ್ದನಂತೆ. ಕಡೆಗೆ ಒಂದು ದಿನ ಬರ್ರಿ ಎಂದು ಫೋನು ಬಂತು. ನನ್ನ ಗಂಡ ಬರುವುದಿಲ್ಲ ಎಂದವರು ಬಸ್ಸಿನ ಹೊತ್ತಿಗೆ ಚಪ್ಪಲಿ ಹಾಕಿಕೊಂಡರು.

ಸುಣ್ಣದ ಗೆರೆ ನೋಡಿ ನನ್ನ ಗಂಡ ನಿಂತುಬಿಟ್ಟರು. ಅವರು ಮೇಲಿನದು ಕೆಳಗಿನದು ಎಂದು ಅಡ್ಡ ಸೀಳಿದ್ದರು. ದೊಡ್ಡವನು ರಸ್ತೆಯಿಂದ ಹಿಂದಿನ ತುದಿಯವರೆಗೂ ಉದ್ದ ಸೀಳಿದ್ದ. ಗೆರೆ ಲಿಂಬಿ ತೋಟದ ನಡುವೆ ಹಾಯ್ದು, ಬಾವಿಯ ಬಾಯಿಗೆ ಬಂದು, ಆಚೆ ಹೊರಟು ದ್ರಾಕ್ಷಿ ಪಡವನ್ನು ನಟ್ಟನಡುವೆ ಕತ್ತರಿಸಿತ್ತು. ತಾನೇ ನೆಟ್ಟ ಬಳ್ಳಿಗಳ ಮಧ್ಯೆ ಸುಣ್ಣ ಹಾಕುತ್ತ ಹೋಗಿದ್ದ. ಎರಡೂ ಪಾಲಿಗೆ ರಸ್ತೆ ಇತ್ತು. ದಾರಿ ಯಾರೂ ಯಾರಿಗೂ ಬಿಡಬೇಕಾಗಿರಲಿಲ್ಲ.

"ಇದು ಖೊಟ್ಟಿ ಕೆಲಸ," ಎಂದು ನನ್ನ ಗಂಡ ನನಗಷ್ಟೇ ಕೇಳುವಂತೆ ಅಂದರು. "ಅರ್ಧ ಪಡ ಅಂದ್ರ ಪಡ ಅಲ್ಲ. ಪೈಪೆಲ್ಲಾ ಹೊಸದಾಗಿ ಹಾಕಬೇಕು. ಇಬ್ಬರಿಗೂ ನುಕಸಾನ."

"ಹೌದ್ರಿ," ಎಂದೆ.

ಶೆಡ್ಡು ಮಾತ್ರ ಒಡೆಯಲು ಬರುವಂಥದ್ದಲ್ಲ. ಅದು ಎಡಗಡೆಯ ಪಾಲಿಗೆ ಬಿದ್ದಿತ್ತು. ಅದಕ್ಕೆ ಸರಿದೂಗಲೆಂದು ಬಲಗಡೆ ಸ್ವಲ್ಪ ಅಗಲ ಬಿಟ್ಟಿದ್ದ. ಚಾಚಾ ಈ ಸಲವೂ ಸಾಕ್ಷಿ. ಮುಳ್ಳಿಗೆ ಹೆದರಿ ಹಳೆಯ ಪೈಜಾಮ ಹಾಕಿಕೊಂಡು ಬಂದೇನಿ ಎಂದ. ಎಲ್ಲರೂ ಸಣ್ಣವನ ಕಡೆ ನೋಡಿದೆವು. ದೊಡ್ಡವನು ಮಾತ್ರ ನೋಡಲಿಲ್ಲ. ಬಾವಿಕಟ್ಟೆಯ ಮೇಲೆ ಬೆನ್ನು ಮಾಡಿ ಕೂತು, ಕೈಯಲ್ಲಿದ್ದ ಹಗ್ಗವನ್ನು ಸುತ್ತುತ್ತಿದ್ದ. ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತುತ್ತಿದ್ದ.

ಸಣ್ಣವನು ರಸ್ತೆಯಿಂದ ತುದಿಯವರೆಗೆ ಒಮ್ಮೆ ನಡೆದು ಬಂದ. ಇಷ್ಟು ದಿನ ಅವನ ಬಾಯಲ್ಲಿ ಶೆಡ್ಡಿನ ಮಾತು ಬಿಟ್ಟು ಬೇರೆ ಇರಲಿಲ್ಲ. ಎಡಗಡೆಯೇ ಎತ್ತಿಕೊಳ್ಳುತ್ತಾನೆ ಎಂದುಕೊಂಡೆ. ಎತ್ತಿಕೊಂಡರೆ ಅದು ಅವನ ಹಕ್ಕು. ಎತ್ತಿಕೊಂಡರೆ ನನಗೆ ಪಂಚಮಿ ಎಂಬುದು ಅಲ್ಲಿಗೆ ಮುಗಿದ ಹಾಗೆ.

"ಬಲಗಡೀದು ನಂದು," ಎಂದ.

ಚಾಚಾ ಮತ್ತೆ ಕೇಳಿದ, "ಶೆಡ್ಡು ಎಡಕ ಐತಿ ನೋಡಪಾ."

"ಗೊತ್ತೈತ್ರಿ ಚಾಚಾ. ಶೆಡ್ಡು ಅಂವ ಕಟ್ಟ್ಯಾನ. ಅಂವಗ ಇರ್ಲಿ."

ಅದೇ ಶೆಡ್ಡು, ಅದೇ ದೊಡ್ಡವನಿಗೆ. ನನ್ನ ಗಂಡ ಕಾಗದದಲ್ಲಿ ಬರೆದು ಕೊಟ್ಟಾಗ ಅದು ಸಣ್ಣವನ ಲೆಕ್ಕದಲ್ಲಿ ಕಸಿದುಕೊಂಡದ್ದಾಗಿತ್ತು. ಈಗ ಸಣ್ಣವನ ಕೈಗೆ ಬಂದು, ಅವನ ಕೈಯಿಂದ ಬಿಟ್ಟದ್ದಾಯಿತು. ದೊಡ್ಡವನು ತಿರುಗಿ ನೋಡಿದ. ಎದ್ದು ಹೋಗಿ ಮೋಟರಿನ ವಾಲ್ವು ತಿರುಗಿಸಿದ. ಅದು ಸರಿಯಾಗಿಯೇ ಇತ್ತು.

ಮರಳುವಾಗ ಬಸ್ಸಿನಲ್ಲಿ ನನ್ನ ಗಂಡ ಸಾರವಾಡ ಬರುವವರೆಗೂ ಒಂದು ಮಾತೂ ಆಡಲಿಲ್ಲ. ಆಮೇಲೆ, "ನನ್ನ ಗೆರಿ ಚಲೋ ಇತ್ತು," ಎಂದರು.

"ಚಲೋ ಇತ್ರಿ. ಆದ್ರ ಅದು ಅವರು ಹಾಕಿದ್ದಲ್ಲ."

ಕಿಟಕಿಯ ಕಡೆ ತಿರುಗಿದರು. ಅವರಿಗೂ ನೋವಾಗಿತ್ತು. ಇಷ್ಟು ವರ್ಷ ಒಬ್ಬನ ಪುಸ್ತಕ ಓದಿ, ಒಂದೇ ಒಂದು ಸಲ ಅದನ್ನು ಬಳಸುವ ಯೋಗ ಬಂದಿತ್ತು. ನಾನು ಚೀಲದಿಂದ ಶೇಂಗಾ ತೆಗೆದು ಅವರ ಅಂಗೈಗೆ ಹಾಕಿದೆ.

ಈ ವರ್ಷ ಪಂಚಮಿಗೆ ಇಬ್ಬರ ಫೋನೂ ಬಂತು. ಕರೆಯಲು ವಿಜಯಪುರಕ್ಕೇ ಬರುತ್ತೇವೆ ಎಂದರು. ಬೇಡ, ಬಬಲೇಶ್ವರಕ್ಕೆ ನಾನೇ ಬರುತ್ತೇನೆ ಎಂದೆ. ಬಸ್ಸಿಳಿದು ನೋಡಿದರೆ ಸ್ಟ್ಯಾಂಡಿನ ಈ ಕಡೆ ಒಬ್ಬನ ಮೋಟರ್ ಸೈಕಲ್ಲು, ಆ ಕಡೆ ಒಬ್ಬನದು. ಎರಡು ಗಾಡಿಗೆ ಒಬ್ಬಳು ಅಕ್ಕ. ಇಬ್ಬರೂ ನನ್ನ ಮುಖ ನೋಡುತ್ತ ನಿಂತರು.

"ಚೀಲ ಇವನ ಗಾಡಿ ಮ್ಯಾಲ. ನಾ ಅವನ ಗಾಡಿ ಮ್ಯಾಲ. ನಡೀರಿ," ಎಂದೆ.

"ಚೀಲ ಜಡ ಐತಿ," ಎಂದ ಸಣ್ಣವನು ಎತ್ತಿಕೊಳ್ಳುತ್ತ.

"ಅಕ್ಕನ್ನ ಎತ್ತಿ ನೋಡು," ಎಂದ ದೊಡ್ಡವನು.

ಅವರ ನಡುವೆ ಎಲ್ಲ ಸರಿಹೋಗಿದೆ ಎಂದು ಬರೆಯಲಾರೆ. ಅಂಗಳದ ಗೋಡೆ ಇದೆ. ಹೊಸ ಪೈಪಿನ ಖರ್ಚಿಗೆ ಇಬ್ಬರೂ ಗೊಣಗುತ್ತಾರೆ. ಆದರೆ ಗೊಣಗುವಾಗ ಮಾಮಾನ ಹೆಸರಿಲ್ಲ, ಕಾಗದದ ಮಾತಿಲ್ಲ. ರೊಟ್ಟಿ ಪಂಚಮಿಯ ದಿನ ಮನೆಯಿಂದ ಮನೆಗೆ ರೊಟ್ಟಿ ಪಲ್ಯ ಬೀರುವುದು ನಮ್ಮ ಪದ್ಧತಿ. ಹಿಂದಿನ ವರ್ಷ ಈ ಎರಡು ಮನೆಗಳ ನಡುವೆ ಬೀರಿರಲಿಲ್ಲವಂತೆ. ಈ ಸಲ ಸಣ್ಣವನ ಹೆಂಡತಿ ತಾಟು ಹಿಡಿದು ಗೋಡೆಯ ಆಚೆಗೆ ಹೋಗಿ, ಮಾತಿಲ್ಲದೆ ಇಟ್ಟು ಬಂದಳು. ಸ್ವಲ್ಪ ಹೊತ್ತಿಗೆ ಅದೇ ತಾಟು ತುಂಬಿ ಮರಳಿ ಬಂತು. ಖಾಲಿ ತಾಟು ಕಳಿಸಬಾರದಲ್ಲ. ನಾನು ಎರಡೂ ಮನೆಯಲ್ಲಿ ಉಂಡೆ. ಎರಡೂ ಮನೆಯಲ್ಲಿ ಕಡಿಮೆ ಉಂಡೆ ಎನ್ನಿಸಿಕೊಂಡೆ. ಹೊಟ್ಟೆ ಭಾರ, ಕಾಲು ಭಾರ. ಜೋಕಾಲಿ ಆಡು ಎಂದರೆ ಕೈ ಮುಗಿದೆ.

ಮನೆಗೆ ಬಂದು ಚೀಲ ಬಿಚ್ಚಿದೆ. ನನ್ನ ಗಂಡ ಊಟಕ್ಕೆ ಕೂತರು. ಕಡಕ್ ರೊಟ್ಟಿ ಮುರಿದು ಬಾಯಿಗಿಟ್ಟು, "ಯಾರ ಮನೀವು ಇವು?" ಎಂದರು.

"ಎರಡೂ ಮನೀವು. ಒಂದ ಅರಿವ್ಯಾಗ ಕಟ್ಟ್ಯಾರ, ಕೂಡಿಬಿಟ್ಟಾವು."

ಇನ್ನೊಂದು ಮುರಿದರು. ನಿಧಾನಕ್ಕೆ ತಿಂದು ಮುಗಿಸಿ, ಕೈ ತೊಳೆದು, ಒಳಗಿನಿಂದ ಪೆನ್ಸಿಲಿನ ಹಾಳೆಗಳ ಕಟ್ಟು ತಂದು ಕಟ್ಟೆಯ ಮೇಲೆ ಇಟ್ಟರು. ಸಂಧಿಯ ಪುಸ್ತಕದ್ದೇ.

"ಸೋತವರನ್ನ ಕರೀಲಿಲ್ಲ ಅನ್ನೂ ಆ ಪುಟ," ಎಂದರು. "ಅವ ಅಂದಷ್ಟ ಇಟ್ಟೇನಿ, ಒಂದ ಅಕ್ಷರ ಜಾಸ್ತಿ ಮಾಡಿಲ್ಲ. ಆದರ ಕನ್ನಡ ಒಂದೀಟು ಚೊಕ್ಕ ಮಾಡೇನಿ. ಓದಾವರ ಕಣ್ಣಿಗೆ ಬೀಳೂವಂಗ. ಮತ್ತ ಬರೀತಿಯೇನು?"

ಮೊಣಕಾಲು ನೋಯುತ್ತಿತ್ತು. ಭಾಂಡೆ ಇನ್ನೂ ತೊಳೆದಿರಲಿಲ್ಲ.

"ನಾಳೆ ಬರೀತೀನ್ರಿ," ಎಂದೆ.